ಮೇವಿನ ಕೋಟು

ತಂತಿಯ ಮೇಲಿದ್ದ ಐದನೇ ಅಂಗಿಯನ್ನೂ ಮಗಳು ಮೂಗಿಗೆ ಒತ್ತಿ ಹಿಡಿದಳು. ಸೋಪಿನ ಪುಡಿಯ ನಿಂಬೆ ವಾಸನೆ. ಆರನೆಯದು ಬನಿಯನ್, ಅದಕ್ಕೂ ನಿಂಬೆಯೇ. ತಂತಿಯ ತುದಿಯಲ್ಲಿ ನೇತಾಡುತ್ತಿದ್ದ ನೀಲಿ ಕೋಟನ್ನು ಅವಳು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಅದರ ತೋಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಾಲರಿನೊಳಗೆ ಮುಖ ಇಟ್ಟು ಉಸಿರೆಳೆದಳು. ಒದ್ದೆ ಬಟ್ಟೆ, ನಿಂಬೆ, ಅಷ್ಟೇ.

"ಚಿಕ್ಕಮ್ಮ, ಈ ಕೋಟನ್ನ ಯಾರು ಒಗೆದಿದ್ದು?"

ಚಿಕ್ಕಮ್ಮ ಲೋಟಗಳ ತಟ್ಟೆ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಅಮ್ಮನ ತಂಗಿ. ನಿನ್ನೆ ಬೆಳಿಗ್ಗೆ ಅಪ್ಪನ ಸಾವಿನ ಸುದ್ದಿ ಮುಟ್ಟಿದ ಎರಡು ಗಂಟೆಯೊಳಗೆ ಬಂದಿಳಿದು, ಟೊಂಕ ಕಟ್ಟಿ ಇಡೀ ಮನೆಯನ್ನು ಕೈಗೆ ತೆಗೆದುಕೊಂಡವಳು.

"ಇನ್ಯಾರು ಒಗೀತಾರೆ, ನಾನೇ. ಎರಡು ಸಲ ನೆನೆಹಾಕಿ ಬ್ರಷ್ಷಲ್ಲಿ ತಿಕ್ಕಿದೀನಿ, ರಟ್ಟೆ ಬಿದ್ದು ಹೋಯ್ತು. ಜನ ಬಂದು ಹೋಗೋ ಮನೆ. ಬಾಗಿಲ ಹಿಂದೆ ಆ ಕೋಟು ನೇತಾಡ್ತಿದ್ರೆ ಎಲ್ಲಾರೂ ಮೂಗು ಮುಚ್ಕೊಂಡು ಕೂರ್ಬೇಕಿತ್ತು. ನಿನಗೇ ಅದರ ವಾಸನೆ ಕಂಡ್ರೆ ಆಗ್ತಿರ್ಲಿಲ್ಲ, ಅಲ್ವೇನೇ?"

ಮಗಳು ಕೋಟಿನ ತೋಳಿನ ನೀರು ಹಿಂಡಿದಳು. ಚಿಕ್ಕಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅವಳ ಅಪ್ಪ ಮೂವತ್ತೆರಡು ವರ್ಷ ಈ ಡೈರಿ ಫಾರಮ್ಮಿನ ಮೇವಿನ ಮೇಸ್ತ್ರಿಯಾಗಿದ್ದರು. ಹಸಿ ಮೆಕ್ಕೆಜೋಳದ ದಂಟನ್ನು ಸಣ್ಣಗೆ ಕತ್ತರಿಸಿ ಸಿಮೆಂಟಿನ ಗುಂಡಿಗೆ ತುಂಬಿಸುವುದು, ಕಾಕಂಬಿ ನೀರಿನಲ್ಲಿ ಕಲಸಿದ ಹೆಪ್ಪನ್ನು ಚಿಮುಕಿಸುವುದು, ಮೇಲೆ ಟ್ರ್ಯಾಕ್ಟರ್ ಹತ್ತಿಸಿ ತುಳಿಸುವುದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಹಳೇ ಟೈರು ಹೇರುವುದು. ನಲವತ್ತು ದಿನ ಗಾಳಿ ತಾಕದಿದ್ದರೆ ಅದು ರಸಮೇವು. ಹಸುಗಳು ಅದಕ್ಕೆ ಬಾಯಿ ಚಪ್ಪರಿಸುತ್ತವೆ. ಮನುಷ್ಯರ ಮೂಗಿಗೆ ಮಾತ್ರ ಅದು ಹುಳಿ ಮಜ್ಜಿಗೆ, ಅತಿಯಾಗಿ ಮಾಗಿದ ಹಣ್ಣು, ಒದ್ದೆ ಹುಲ್ಲು ಮೂರನ್ನೂ ಬೆರೆಸಿಟ್ಟ ವಾಸನೆ. ಉಗುರಿನ ಸಂದಿಗೆ, ಕಿವಿಯ ಹಿಂದೆ, ಕೋಟಿನ ಹೊಲಿಗೆಗೆ ಒಂದು ಸಲ ಹೊಕ್ಕರೆ ಸುಲಭಕ್ಕೆ ಬಿಡುವುದಲ್ಲ.

ಒಳಗೆ ಹಾಲ್‌ನಲ್ಲಿ ಮೇಸ್ತ್ರಿ ಮಲಗಿದ್ದರು. ಆಸ್ಪತ್ರೆಯವರು ಒರೆಸಿ ಸ್ವಚ್ಛ ಮಾಡಿ ಕಳಿಸಿದ್ದರು. ಚಿಕ್ಕಮ್ಮ ಹೊಸ ಬಿಳಿ ಅಂಗಿ ತರಿಸಿ ಹಾಕಿಸಿದ್ದಳು, ಕೋಣೆಗೆಲ್ಲ ಸ್ಪ್ರೇ ಹೊಡೆದಿದ್ದಳು. ಬೆಳಿಗ್ಗೆ ಮಗಳು ಬಗ್ಗಿ ಅಪ್ಪನ ಹಣೆ ಮುಟ್ಟಿದಾಗ, ಬಟ್ಟೆ ಅಂಗಡಿಯಿಂದ ಯಾರನ್ನೋ ತಂದು ಮಲಗಿಸಿದ್ದಾರೆ ಅನ್ನಿಸಿತು. ಅಪ್ಪನನ್ನು ಒಯ್ಯುವ ಮೊದಲು ಆ ವಾಸನೆ ಒಂದೇ ಒಂದು ಸಲ ಬೇಕು. ಅವಳಿಗೆ ಬೇಕಾಗಿದ್ದುದು ಅದೊಂದೇ. ಗಾಡಿ ಹನ್ನೆರಡಕ್ಕೆ ಬರುವುದಿತ್ತು. ಈಗ ಹತ್ತೂವರೆ.

*

ಅವಳಿಗೆ ಆರು ವರ್ಷವಾಗಿದ್ದಾಗ ಗುಂಡಿ ತುಳಿಯುವ ದಿನವೆಂದರೆ ಹಬ್ಬ. ಟ್ರ್ಯಾಕ್ಟರ್ ಹೋಗದ ಮೂಲೆಗಳನ್ನು ಕಾಲಿನಲ್ಲೇ ತುಳಿಯಬೇಕು. ಅಪ್ಪ ಅವಳ ಎರಡೂ ಕೈ ಹಿಡಿದು ಕುಣಿಸುತ್ತಿದ್ದರು.

"ಜೋರಾಗಿ ತುಳಿ. ಒಂದು ಲೋಟದಷ್ಟು ಗಾಳಿನೂ ಉಳೀಬಾರ್ದು."

"ಉಳಿದ್ರೆ ಏನಾಗುತ್ತೆ?"

"ಕೆಟ್ಟ ಬೂಷ್ಟು ಬಂದು ಕೂತ್ಕೊಳುತ್ತೆ. ನಮ್ಮ ಕೆಲಸದವರನ್ನ ಓಡಿಸಿಬಿಡುತ್ತೆ."

"ಯಾರಪ್ಪ ಕೆಲಸದವ್ರು? ಯಾರೂ ಕಾಣ್ತಿಲ್ವಲ್ಲ."

"ಕಣ್ಣಿಗೆ ಕಾಣಲ್ಲ. ಈ ಬಾಟ್ಲಿಯಲ್ಲಿ ಕೋಟಿಗಟ್ಲೆ ಇದಾರೆ. ರಜೆ ಕೇಳಲ್ಲ, ಜಗಳ ಆಡಲ್ಲ. ಕತ್ತಲೆ ಕೊಟ್ಟು ಬಾಗಿಲು ಹಾಕಿದ್ರೆ ಸಾಕು, ತಮ್ಮ ಪಾಡಿಗೆ ತಾವು ಹುಳಿ ಮಾಡ್ಕೊಂಡು ಕೂತಿರ್ತಾರೆ. ನಿಮ್ಮಮ್ಮ ಮೊಸರಿಗೆ ಹಾಕ್ತಾಳಲ್ಲ ಹೆಪ್ಪು, ಅದರಲ್ಲಿರೋರು ಇವರ ದಾಯಾದಿಗಳೇ."

ಹನ್ನೊಂದು ವರ್ಷಕ್ಕೆ ಅವಳನ್ನು ಪೇಟೆಯ ದೊಡ್ಡ ಶಾಲೆಗೆ ಸೇರಿಸಿದರು. ಮೊದಲ ವಾರ ಅಪ್ಪ ಕೆಲಸದಿಂದ ನೇರವಾಗಿ ಅದೇ ಕೋಟಿನಲ್ಲಿ ಗೇಟಿಗೆ ಬಂದರು. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಮೂಗು ಹಿಡಿದುಕೊಂಡು ನಕ್ಕರು. ಅವತ್ತು ಮನೆಗೆ ಬಂದವಳೇ ಅವಳು ಅನ್ನದ ತಟ್ಟೆ ದೂಡಿ, "ನೀನು ಶಾಲೆ ಹತ್ರ ಬರ್ಬೇಡ. ನಾರ್ತೀಯ" ಎಂದಳು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮರುದಿನದಿಂದ ಶಾಲೆಯ ಎದುರಿನ ಸೈಕಲ್ ಅಂಗಡಿಯ ಬಳಿ, ರಸ್ತೆಯ ಆಚೆ ಬದಿಗೆ ನಿಂತು ಕಾಯತೊಡಗಿದರು. ಅವಳು ಈಚೆ ಬದಿಯಲ್ಲಿ, ಅವರು ಆಚೆ ಬದಿಯಲ್ಲಿ. ಫಾರಮ್ಮಿನ ತಿರುವು ಬರುವತನಕ ಹಾಗೇ ನಡೆದು ಮನೆ ಸೇರುತ್ತಿದ್ದರು. ಹಿತ್ತಲಲ್ಲಿ ಅಪ್ಪನ ಬಟ್ಟೆಗೆಂದೇ ಬೇರೆ ಬಕೆಟ್ ಬಂತು. ಅಮ್ಮ ದಿನವೂ ಅದರ ಮುಂದೆ ಕುಳಿತು ಅಂಗಿ ಪಂಚೆಗಳನ್ನು ತಿಕ್ಕುತ್ತಿದ್ದಳು. ಕೋಟನ್ನು ಮಾತ್ರ ಅಪ್ಪ ಕೊಡುತ್ತಿರಲಿಲ್ಲ. ಅದು ಕೆಲಸದ ಕೋಟು, ತೊಳೆದರೂ ಒಂದೇ ಬಿಟ್ಟರೂ ಒಂದೇ ಎನ್ನುತ್ತಿದ್ದರು.

*

ಜಗುಲಿಯ ಮೇಲೆ ದನದ ಡಾಕ್ಟರು ಚಹಾ ಹಿಡಿದು ಮಾತಾಡುತ್ತಿದ್ದರು. ಪಕ್ಕದಲ್ಲಿ ಟ್ರ್ಯಾಕ್ಟರಿನ ಮಾಮ, ಮೇಸ್ತ್ರಿಯ ಜೊತೆ ಇಪ್ಪತ್ತು ವರ್ಷ ಗುಂಡಿ ತುಳಿದವನು, ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ.

"ನಾನು ಹೊಸದಾಗಿ ಬಂದಾಗ ಹುಳಿ ಅಳೆಯೋ ಮಷಿನ್ ತಂದಿದ್ದೆ" ಎಂದರು ಡಾಕ್ಟರು. "ಮೇಸ್ತ್ರಿ ಒಂದು ಹಿಡಿ ಮೇವು ಮೂಸಿ, ಇದು ನಾಲ್ಕರ ಮೇಲೆ ಒಂದು ಚೂರು ಇರುತ್ತೆ ನೋಡಿ ಅಂದ್ರು. ಮಷಿನ್ ನಾಲ್ಕು ಪಾಯಿಂಟ್ ಒಂದು ತೋರಿಸ್ತು."

"ಆಮೇಲೆ ಆ ಮಷಿನ್ ಏನಾಯ್ತು ಅಂತಾನೂ ಹೇಳಿ" ಎಂದ ಮಾಮ.

"ಬ್ಯಾಟರಿ ಮುಗೀತು. ಮತ್ತೆ ಹಾಕಿಸೋಕೆ ಹೋಗ್ಲಿಲ್ಲ ಮಾರಾಯ. ಮೇಸ್ತ್ರಿ ಇದ್ರಲ್ಲ."

ಇಬ್ಬರೂ ನಕ್ಕರು. ಒಳಗೆ ಹೆಣ ಇಟ್ಟುಕೊಂಡು ನಗುತ್ತಿದ್ದೇವಲ್ಲ ಎಂದು ನೆನಪಾಗಿ ಇಬ್ಬರೂ ಚಹಾದ ಲೋಟ ನೋಡಿಕೊಂಡರು.

ಮಗಳು ಮಾಮನನ್ನು ಕಣ್ಣಲ್ಲೇ ಈಚೆ ಕರೆದಳು.

"ಮಾಮ, ರಸಮೇವು ಎಲ್ಲಾದ್ರೂ ಒಂದು ಹಿಡಿ ಸಿಗುತ್ತಾ?"

"ಈಗೆಲ್ಲಿ ಪುಟ್ಟಿ? ಹಳೇ ಗುಂಡಿ ಹೋದ ತಿಂಗಳೇ ಖಾಲಿ. ತೊಳೆದು ಸುಣ್ಣ ಬಳಿದಾಯ್ತು. ಹಸುಗಳಿಗೆ ಈಗ ಹಸಿ ಹುಲ್ಲು."

"ಹೊಸದು ಇದೆಯಲ್ಲ."

ಮಾಮ ಅವಳ ಮುಖವನ್ನೇ ನೋಡಿದ. ಕೇಳಿದ್ದು ಏಕೆಂದು ಅವನಿಗೆ ಗೊತ್ತಾಯಿತು, ಅದಕ್ಕೇ ಹೇಳುವುದು ಇನ್ನೂ ಕಷ್ಟವಾಯಿತು.

"ಅದನ್ನ ಮೇಸ್ತ್ರಿ ಮುಚ್ಚಿ ಹದಿನೆಂಟು ದಿನ ಆಗಿದೆ, ಅಷ್ಟೇ. ಅವರ ಕಡೇ ಗುಂಡಿ ಕಣವ್ವ. ಈಗ ಬಿಚ್ಚಿದ್ರೆ ಗಾಳಿ ಹೊಕ್ಕು ಕೊಳೆತು ಹೋಗುತ್ತೆ. ಬೇರೆ ಏನು ಬೇಕಾದ್ರೂ ಕೇಳು, ಇದೊಂದನ್ನ ಕೇಳ್ಬೇಡ."

"ಇಲ್ಲ, ಬೇಡ. ಸುಮ್ನೆ ಕೇಳ್ದೆ" ಎಂದಳು ಅವಳು.

*

ಎರಡು ವರ್ಷದ ಹಿಂದೆ ಅಪ್ಪ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಒಮ್ಮೆ ಬಂದಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಕತ್ತಿಗೆ ಪೌಡರ್ ಹಾಕಿಕೊಂಡು, ಗಾಜಿನ ಬಾಗಿಲ ಹೊರಗೆ ನಿಂತು ಕೈ ಬೀಸಿದರು.

"ಒಳಗೆ ಬಾಪ್ಪ, ಕಣ್ಣು ಟೆಸ್ಟ್ ಮಾಡ್ತೀನಿ."

"ಬೇಡಮ್ಮ. ಒಳಗೆ ಏಸಿ ಇದೆ, ಕಿಟಕಿ ಇಲ್ಲ. ವಾಸನೆ ಅಲ್ಲೇ ನಿಂತ್ಕೊಳುತ್ತೆ, ನಿನಗೆ ಮುಜುಗರ. ನಾಲ್ಕು ಕನ್ನಡಕ ಇಲ್ಲೇ ತಾ, ಯಾವುದರಲ್ಲಿ ಚೆನ್ನಾಗಿ ಕಾಣುತ್ತೋ ಅದು ಸಾಕು."

ಅವತ್ತು ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ಕೈ ಹಿಡಿದು ಒಳಗೆ ಎಳೆದುಕೊಂಡು ಬರಬಹುದಿತ್ತು. ಬರಲಿಲ್ಲ. ನಾಲ್ಕು ಕನ್ನಡಕವನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದಳು. ಅಪ್ಪ ಒಂದೊಂದನ್ನೇ ಹಾಕಿಕೊಂಡು ಎದುರಿನ ಅಂಗಡಿಯ ಬೋರ್ಡು ಓದಿದರು, ಕೊನೆಯದನ್ನು ಹಾಕಿಕೊಂಡು ಅವಳ ಮುಖವನ್ನು ನೋಡಿದರು. "ಇದರಲ್ಲಿ ಸ್ಪಷ್ಟವಾಗಿದೀಯ" ಎಂದರು.

*

ಗಾಡಿ ಹನ್ನೆರಡೂಕಾಲಿಗೆ ಬಂತು. ಮೇಸ್ತ್ರಿಯನ್ನು ಒಳಗಿಟ್ಟು, ಪಕ್ಕದ ಬೆಂಚಿನಲ್ಲಿ ಅಮ್ಮ, ಮಗಳು, ಚಿಕ್ಕಮ್ಮ ಕುಳಿತರು. ಬೆಳಿಗ್ಗೆಯಿಂದ ಅಮ್ಮ ಒಂದು ಮಾತೂ ಆಡಿರಲಿಲ್ಲ. ಸೋಪು ತಿಂದು ಬಿರಿದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಬಿಳಿ ಅಂಗಿಯನ್ನೇ ನೋಡುತ್ತಿದ್ದಳು. ಹಿಂದೆ ಟ್ರ್ಯಾಕ್ಟರಿನಲ್ಲಿ ಮಾಮ, ಡಾಕ್ಟರು, ಫಾರಮ್ಮಿನ ಕೆಲಸದವರು.

ಡ್ರೈವರನಿಗೆ ಜಾಗ ಹೊಸದು. ಗಾಡಿ ತಿರುಗಿಸಲೆಂದು ಮನೆಯ ಪಕ್ಕದ ಮೇವಿನ ಗುಂಡಿಗಳ ಕಡೆಗೆ ರಿವರ್ಸ್ ತೆಗೆದ. ಹಿಂದಿನಿಂದ ಮಾಮ ಕೂಗಿದ್ದು ಕೇಳಿಸುವಷ್ಟರಲ್ಲಿ ಬಂಪರಿನ ಮೂಲೆ ಹೊಸ ಗುಂಡಿಯ ಪ್ಲಾಸ್ಟಿಕ್ ಹಾಳೆಗೆ ಸಿಕ್ಕಿಕೊಂಡು, ಹಾಳೆ ಪರ್ರನೆ ಹರಿದಿತ್ತು. ಎರಡು ಟೈರು ಉರುಳಿ ಕೆಳಗೆ ಬಿದ್ದವು.

ಗಾಡಿಯ ಹಿಂಬಾಗಿಲು ತೆರೆದೇ ಇತ್ತು. ವಾಸನೆ ಒಳಗೆ ಬಂತು.

ಮಗಳು ಕಣ್ಣು ಮುಚ್ಚಿಕೊಂಡಳು. ಇನ್ನೂ ಎಳೆಯ ಹುಳಿ, ಹಸಿ ದಂಟಿನ ಸಿಹಿ ಬಿಟ್ಟಿರದ ಹುಳಿ. ಆದರೂ ಅದೇ. ಗೇಟಿನ ಬಳಿ ಬಂದು ನಿಂತದ್ದು, ರಸ್ತೆಯ ಆಚೆ ಬದಿಗೆ ಜೊತೆಯಾಗಿ ನಡೆದದ್ದು, ಗಾಜಿನ ಬಾಗಿಲ ಹೊರಗೆ ಉಳಿದದ್ದು, ಅದೇ. ಅಪ್ಪ ಈಗ ಬಂದರು ಅನ್ನಿಸಿತು. ಗಾಡಿ ಇಲ್ಲೇ, ಹೀಗೇ ಕೆಟ್ಟು ನಿಲ್ಲಬಾರದೇ ಎಂದು ಆಸೆಯಾಯಿತು.

"ಆಗ್ಲೇ ತಡ ಆಗಿದೆ" ಎಂದಳು ಚಿಕ್ಕಮ್ಮ. "ಅಲ್ಲಿ ಜನ ಕಾಯ್ತಿದಾರೆ. ಬಂದ ಮೇಲೆ ನೋಡ್ಕೊಂಡ್ರಾಯ್ತು, ನಡೀರಿ."

ಮಾಮ ಟ್ರ್ಯಾಕ್ಟರಿನಿಂದ ಇಳಿದು ಬಂದು ಹರುಕಿನ ಮುಂದೆ ನಿಂತಿದ್ದ. ಅವನು ಮಗಳ ಕಡೆ ನೋಡಿದ. ಇಷ್ಟು ಹೊತ್ತು ಬೇಕು ಬೇಕೆಂದಿದ್ದು ತಾನಾಗೇ ತೆರೆದುಕೊಂಡಿದೆ, ಎಷ್ಟು ಹೊತ್ತು ಬೇಕಾದರೂ ಮೂಸು ಎನ್ನುವಂತಿತ್ತು ಆ ನೋಟ. ಅವಳು ಗಾಡಿಯಿಂದ ಇಳಿದಳು.

"ಟೇಪ್ ಎಲ್ಲಿದೆ ಮಾಮ?"

"ಶೆಡ್ಡಲ್ಲಿ."

"ಬೇಗ ತನ್ನಿ. ಡಾಕ್ಟ್ರೇ, ನೀವು ಆ ತುದಿ ಎತ್ತಿ ಹಿಡ್ಕೊಳ್ಳಿ, ಪೂರ್ತಿ ಎತ್ತಬೇಡಿ."

ಚಪ್ಪಲಿ ಬಿಟ್ಟು ಅವಳು ಗುಂಡಿಯ ಅಂಚಿಗೆ ಮಂಡಿಯೂರಿದಳು. ಗಾಳಿಗೆ ಬಿದ್ದ ಮೇಲ್ಪದರವನ್ನು ಬೊಗಸೆಯಲ್ಲಿ ತೆಗೆದು ಆಚೆ ಹಾಕಿದಳು. ಒಳಗಿನದು ಬೆಚ್ಚಗಿತ್ತು. ಎರಡೂ ಅಂಗೈ ಊರಿ, ದೇಹದ ಭಾರವನ್ನೆಲ್ಲ ಬಿಟ್ಟು ಒತ್ತಿದಳು, ಇಂಚಿಂಚಾಗಿ ಸರಿಯುತ್ತ ಮತ್ತೆ ಒತ್ತಿದಳು. ಒಂದು ಲೋಟದಷ್ಟು ಗಾಳಿಯೂ ಉಳಿಯಬಾರದು. ರಸ ಬೆರಳ ಸಂದಿಯಲ್ಲಿ ಜಿನುಗಿ ಮಣಿಕಟ್ಟಿಗಿಳಿಯಿತು. ಇಪ್ಪತ್ತೈದು ವರ್ಷದಿಂದ ಮುಟ್ಟದ ಕೆಲಸ, ಕೈ ಏನನ್ನೂ ಮರೆತಿರಲಿಲ್ಲ.

ಮಾಮ ತಂದ ಅಗಲ ಟೇಪನ್ನು ಇಬ್ಬರೂ ಸೇರಿ ಎಳೆದು ಅಂಟಿಸಿದರು. ಟೈರುಗಳನ್ನು ಎತ್ತಿ ಮೇಲಿಟ್ಟರು. ವಾಸನೆ ನಿಂತಿತು. ಅವಳೇ ನಿಲ್ಲಿಸಿದ್ದಳು. ಮಾಮ ಟೇಪಿನ ಅಂಚಿನ ಮೇಲೆ ಹೆಬ್ಬೆರಳೆಳೆದು, "ಮೇಸ್ತ್ರಿ ನೋಡಿದ್ರೂ ತಪ್ಪು ಹುಡುಕೋಕಾಗಲ್ಲ" ಎಂದ. ಹಾಗೇ ಹೋಗಿ ಟ್ರ್ಯಾಕ್ಟರ್ ಹತ್ತಿದ.

ಚಿಕ್ಕಮ್ಮ ನೀರಿನ ಬಾಟಲಿ ಮುಚ್ಚಳ ತೆಗೆದು ಸಿದ್ಧವಾಗಿದ್ದಳು. "ಕೈ ಒಡ್ಡು, ತೊಳೀತೀನಿ. ಅಲ್ಲಿ ನಾಲ್ಕು ಜನ ಬಂದು ಕೈ ಹಿಡಿದು ಮಾತಾಡಿಸ್ತಾರೆ."

"ಬೇಡ ಚಿಕ್ಕಮ್ಮ."

"ನಾರುತ್ತಲ್ಲೇ."

"ನಾರ್ಲಿ" ಎಂದು ಅವಳು ಒಳಗೆ ಬಂದು ಕುಳಿತಳು.

*

ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದಾಗ ಮೂರು ಗಂಟೆ. ಊಟಕ್ಕೆ ಮೊದಲು ಹಿತ್ತಲ ನಲ್ಲಿಯ ಮುಂದೆ ಸಾಲು ನಿಂತಿತು. ಒಬ್ಬೊಬ್ಬರೇ ಕೈಕಾಲಿಗೆ ನೀರು ಹಾಕಿಕೊಂಡು, ಚಿಕ್ಕಮ್ಮ ಕೊಟ್ಟ ಸೋಪು ತಿಕ್ಕಿಕೊಂಡು ಒಳಗೆ ಹೋದರು. ತಂತಿಯ ಮೇಲಿನ ಅಂಗಿಗಳು ಒಣಗಿ ಗಾಳಿಗೆ ಆಡುತ್ತಿದ್ದವು. ಕೋಟು ಇನ್ನೂ ಒದ್ದೆಯಾಗೇ ಇತ್ತು.

ಮಗಳು ಸಾಲಿಗೆ ಹೋಗಲಿಲ್ಲ. ಒಗೆಯುವ ಕಲ್ಲಿನ ಮೇಲೆ, ಅಪ್ಪನ ಬಕೆಟ್ಟಿನ ಪಕ್ಕ ಕುಳಿತಳು. ಬಕೆಟ್ ಖಾಲಿಯಾಗಿ ಬೋರಲು ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅಮ್ಮ ಬಂದು, ದಿನವೂ ಕೂರುವ ಮಣೆಯನ್ನು ಎಳೆದುಕೊಂಡು ಎದುರಿಗೆ ಕುಳಿತಳು. ಅವಳ ಕೈಗಳೂ ಒಣಗಿಯೇ ಇದ್ದವು, ನಲ್ಲಿಯ ಕಡೆ ಅವಳೂ ಹೋಗಿರಲಿಲ್ಲ.

"ಅಮ್ಮ, ಊಟ ಮಾಡು."

ಅಮ್ಮ ಮಗಳ ಬಲಗೈಯನ್ನು ಎಳೆದುಕೊಂಡಳು. ಬೆರಳುಗಳನ್ನು ಬಿಡಿಸಿದಳು. ಮೂವತ್ತೆರಡು ವರ್ಷ ಬ್ರಷ್ಷಿನಲ್ಲಿ, ಸೋಪಿನಲ್ಲಿ, ಬಿಸಿನೀರಿನಲ್ಲಿ ಆ ವಾಸನೆಯನ್ನು ತಿಕ್ಕಿ ತಿಕ್ಕಿ ಹೊರಗೆ ಹಾಕಿದವಳು ಅದೇ ವಾಸನೆಯ ಅಂಗೈಗೆ ಮುಖವಿಟ್ಟು ಉದ್ದಕ್ಕೆ ಉಸಿರೆಳೆದಳು.

"ಇನ್ನೂ ಹದ ಬಂದಿಲ್ಲ" ಎಂದಳು. ಅವತ್ತು ಅವಳಾಡಿದ ಮೊದಲ ಮಾತು ಅದು. "ಇನ್ನೊಂದು ಇಪ್ಪತ್ತು ದಿನ ಬೇಕು."

ಒಳಗಿನಿಂದ ಚಿಕ್ಕಮ್ಮ ಇಬ್ಬರನ್ನೂ ಊಟಕ್ಕೆ ಕರೆದಳು. ಅಮ್ಮ ಕೈ ಬಿಡಲಿಲ್ಲ.