ಮೂರು ದಿನ ಒರೆಸದ ಕಿಟಕಿ

ಬಿಳಿ, ಜರಡಿ ಹಿಡಿದ ಹಿಟ್ಟಿನಂಥ ಬಿಳಿ, ಕಿಟಕಿಯ ಕಟ್ಟೆಯುದ್ದಕ್ಕೂ ಬೆರಳುದಪ್ಪ — ಬೆರಳುದಪ್ಪ ಅನ್ನುವುದು ಸುಳ್ಳು, ಆದರೂ ಧೂಳಿನ ದೂರಿನ ಅರ್ಜಿಯಲ್ಲಿ ಹಾಗೇ ಬರೆದಿದ್ದ, ಗಡಿಯಾರ ರಿಪೇರಿ ಮಾಡುವವನಿಗೆ ಅಳತೆ ಗೊತ್ತಿಲ್ಲವೇ, ಗೊತ್ತಿದೆ, ಹೊಟ್ಟೆ ಉರಿಯುವಾಗ ಅಳತೆ ಯಾರಿಗೆ ಬೇಕು. ಮಾಲಿನ್ಯ ಕಚೇರಿಯಿಂದ ಬಂದ ಹುಡುಗಿ ಕಟ್ಟೆಯ ಆ ತುದಿಯಿಂದ ಪುಟ್ಟ ಬ್ರಷ್ಷಿನಲ್ಲಿ ಧೂಳನ್ನು ಡಬ್ಬಿಗೆ ಗುಡಿಸಿಕೊಳ್ಳುತ್ತಿದ್ದಾಳೆ, ಮೂರು ದಿನ ಒರೆಸ್ಬೇಡಿ ಅಂದಿದ್ವಲ್ಲ ಸಾರ್, ಯಾರೂ ಮುಟ್ಟಿಲ್ಲ ತಾನೇ, ಇಲ್ಲ ಮೇಡಂ, ನನ್ನ ಹೆಂಡತಿಗೂ ಕಟ್ಟುನಿಟ್ಟಾಗಿ ಹೇಳಿದೀನಿ. ಹೇಳಿದ್ದ, ಅವಳು ಹೂಂ ಅಂದಿದ್ದಳು. ಕಿಟಕಿಯ ಸರಳುಗಳಾಚೆ ಕಲ್ಲು ಕೊಯ್ಯುವವನ ಅಂಗಳ, ಯಂತ್ರ ಕಿರುಚಿದಾಗಲೆಲ್ಲ ಮೇಲೇಳುವ ಬಿಳಿ ಹೊಗೆ, ಅದೆಲ್ಲ ಬಂದು ಕೂರುವುದು ಇವನು ಬಿಚ್ಚಿಟ್ಟ ಗಡಿಯಾರಗಳ ಹೊಟ್ಟೆಯೊಳಗೆ, ರಿಪೇರಿಯಾಗಿ ಹೋದದ್ದು ವಾರಕ್ಕೇ ನಿಂತು ವಾಪಸ್ಸು, ನಿಮ್ಮ ಕೈ ಕೆಟ್ಟಿದೆ ಕಣ್ರೀ ಅಂದನಲ್ಲ ಹಳೆಯ ಗಿರಾಕಿ, ಮೂವತ್ತು ವರ್ಷದ ಕೈ, ಅವತ್ತೇ ಅರ್ಜಿ ಬರೆದದ್ದು — ಅವತ್ತೇನಾ? ಅಲ್ಲ, ಅದರ ಮಾರನೆಯ ದಿನ, ಹೆಂಡತಿ ಈ ಕಿಟಕಿಯಲ್ಲಿ ನಿಂತು ಕಲ್ಲು ಕೊಯ್ಯುವವನ ಮಾತಿಗೆ ನಕ್ಕ ದಿನ. ಏನು ನಗು ಅದು, ಹೊಟ್ಟೆ ಹಿಡಿದುಕೊಂಡು, ಮದುವೆಯಾದ ಹೊಸತರಲ್ಲಿ ಇವನ ಮಾತಿಗೆ ನಗುತ್ತಿದ್ದಳಲ್ಲ, ಥೇಟ್ ಹಾಗೆ. ಏನಂದ ಅವನು? ಏನಿಲ್ಲ ಬಿಡ್ರೀ, ಸುಮ್ನೆ. ಸುಮ್ಮನೆ ಯಾರಾದರೂ ಹಾಗೆ ನಗುತ್ತಾರೆಯೇ. ಪಾಪ, ಮುಖಕ್ಕೆ ಬಟ್ಟೆ ಕಟ್ಕೊಂಡು ದುಡೀತಾನೆ, ರಾತ್ರಿಯೆಲ್ಲ ಕೆಮ್ಮಂತೆ. ಅಂತೆ! ಪಕ್ಕದಲ್ಲೇ ಮಲಗಿ ಕೆಮ್ಮುವ ಗಂಡ ಕಿವಿಗೆ ಬೀಳುವುದಿಲ್ಲ, ಗೋಡೆಯಾಚೆಯ ಕೆಮ್ಮು ಕೇಳಿಸುತ್ತದೆ ಮಹಾರಾಯಿತಿಗೆ.

ಬ್ರಷ್ಷು ನಿಂತಿತು. ಸಾರ್, ಇಲ್ಲೇನೋ ಇಟ್ಟಿದ್ರಾ, ಗುರುತಿದೆ ನೋಡಿ. ಏಳುವಾಗ ಮಂಡಿ ಮೇಜಿಗೆ ಬಡಿಯಿತು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯುವುದೂ ಮರೆತು ಬಗ್ಗಿದ — ಬಿಳಿ ಧೂಳಿನ ನಡುವೆ ಎರಡು ಉಂಗುರ, ಲೋಟದ ತಳದಷ್ಟು, ಒಂದಕ್ಕೊಂದು ತಾಗಿಕೊಂಡು. ಎರಡು. ಒಂದಿದ್ದರೆ ಸರಿ, ಕೆಮ್ಮುವವನಿಗೆ ಪಾಪ ಅಂತ ಕೊಟ್ಟಳು ಅನ್ನಬಹುದಿತ್ತು, ನಿನ್ನೆ ಮೂರು ಗಂಟೆಗೆ ಗಡಿಯಾರದ ಸೆಲ್ ತರಲು ಪೇಟೆಗೆ ಹೋಗಿದ್ದ, ಬರುವಾಗ ಐದು, ಎರಡು ಗಂಟೆ, ಎರಡು ಲೋಟ. ಮುಟ್ಟಿದ್ರೆ ಈ ಧೂಳು ಲೆಕ್ಕಕ್ಕಿಲ್ಲ ಸಾರ್, ಅರ್ಜಿ ಬಿದ್ದುಹೋಗತ್ತೆ, ಮುಟ್ಟಿಲ್ಲ ಅಂತ ಸಹಿ ಹಾಕಿದ್ರೆ ನಾಳೆಯೇ ಯಂತ್ರಕ್ಕೆ ಬೀಗ. ಬೀಗ, ಆಹಾ, ಎಷ್ಟು ದಿನದಿಂದ ಕಾದ ಮಾತು, ಒಂದು ಸಹಿ ಸಾಕು, ಆ ನಗು, ಆ ಬಟ್ಟೆ ಕಟ್ಟಿದ ಮುಖ ಎಲ್ಲ ತೊಲಗುತ್ತದೆ, ಪೆನ್ನು ಕೈಗೆ ಬಂದಿದೆ, ಮುಟ್ಟಿಲ್ಲ ಅಂತ ಬರೆಯಬೇಕು ಅಷ್ಟೆ, ಇಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಏನೂ ಕುಡಿಯಲಿಲ್ಲ ಎಂದು ತನ್ನ ಕೈಯಾರೆ. ಹಿಂದೆ ಬಳೆಯ ಸದ್ದು, ಟೀ ತಗೊಳ್ಳಮ್ಮ, ಬಿಸಿ ಇದೆ, ರೀ, ನಿಮಗೂ ಇಟ್ಟಿದೀನಿ. ತಟ್ಟೆಯಲ್ಲಿ ಎರಡೇ ಲೋಟ. ನಿಮಗೆ ಆಂಟಿ? ಅಯ್ಯೋ, ನಂಗೆ ಮಧ್ಯಾಹ್ನದ ಟೀ ಸೇರಲ್ಲಮ್ಮ, ಇವರನ್ನೇ ಕೇಳು, ಹದಿನೆಂಟು ವರ್ಷದಿಂದ ನೋಡಿದಾರೆ. ನೋಡಿದ್ದಾನೆ, ಹದಿನೆಂಟು ವರ್ಷ ಒಬ್ಬನೇ ಕುಡಿದಿದ್ದಾನೆ. ಎಲ್ಲಿ ಸಹಿ ಹಾಕ್ಲಿ ಅನ್ನಬೇಕು, ಭೂತಗನ್ನಡಿಯ ಕಣ್ಣು ಕಟ್ಟೆ ಬಿಟ್ಟು ಏಳುತ್ತಿಲ್ಲ, ಲೋಟ ಎತ್ತಿದ ಮೇಲೆ ಆ ಜಾಗದಲ್ಲಿ ಹೊಸ ಧೂಳು ಬೀಳುತ್ತದೆ, ಎತ್ತಿ ಎಷ್ಟು ಹೊತ್ತಾಯಿತೋ ಅಷ್ಟು, ಎಡಗಡೆಯದರಲ್ಲಿ ತೆಳ್ಳಗೆ, ಬಲಗಡೆಯದರಲ್ಲೂ ಅಷ್ಟೇ ತೆಳ್ಳಗೆ, ಒಂದು ಕಣ ಹೆಚ್ಚಿಲ್ಲ ಕಡಿಮೆಯಿಲ್ಲ, ಎರಡು ಲೋಟ, ಒಟ್ಟಿಗೇ ಎತ್ತಿದ್ದು, ಒಟ್ಟಿಗೇ —