ಹೊಡೆದುಹಾಕಿದ ಉತ್ತರ

ಹಸಿರು ಇಂಕು ಇನ್ನೂ ಒಣಗಿಲ್ಲ, ಬೆರಳು ತಾಗಿಸಿದರೆ ಕಲೆಯಾಗುತ್ತದೆ, ವೃಷಭೇಂದ್ರಪ್ಪನವರ ಸಹಿ ಯಾವತ್ತೂ ಹೀಗೇ, ಮೂರು ಸುತ್ತು, ಕೆಳಗೆ ಎರಡು ಚುಕ್ಕೆ, ಉಪ ಮುಖ್ಯ ಪರೀಕ್ಷಕರೆಂದರೆ ಸಹಿಯಲ್ಲೂ ಗತ್ತು ಬೇಕಲ್ಲ — ಅದರ ಪಕ್ಕದಲ್ಲಿ ನನ್ನ ಕೆಂಪು ಇಂಕಿನ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಹತ್ತನೇ ಕ್ಲಾಸಿನ ಇಂಗ್ಲಿಷ್, ತೊಂಬತ್ತಾರನೇ ಇಸವಿಯ ಏಪ್ರಿಲ್, ಚಾಮರಾಜಪೇಟೆಯ ಈ ಶಾಲೆಯಲ್ಲಿ ನಾಲ್ಕು ದಿನದಿಂದ ನಾವು ಅರವತ್ತು ಜನ ಮೇಷ್ಟರು ಮೇಡಂಗಳು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೇವೆ, ತರಗುಪೇಟೆಯ ಕಡೆಯಿಂದ ಒಣಮೆಣಸಿನಕಾಯಿ ಘಾಟು, ಒಬ್ಬರು ಸೀನಿದರೆ ಇಡೀ ಕೋಣೆ ಸೀನುತ್ತದೆ, ಕಟ್ಟು ಕಟ್ಟಿ ಕೊಟ್ಟು ತೆಪ್ಪಗೆ ಕಾಫಿಗೆ ಹೋಗಬಹುದಿತ್ತು ನಾನು, ದಾರ ಸುತ್ತುವಾಗ ಈ ಒಂದು ಪತ್ರಿಕೆಯ ಅಂಚು ಹೊರಗೆ ಚಾಚಿಕೊಂಡಿತ್ತು, ಸರಿಯಾಗಿ ಜೋಡಿಸೋಣವೆಂದು ಎಳೆದೆ, ಆರನೇ ಪುಟ ತೆರೆದುಕೊಂಡಿತು, ಅಷ್ಟೇ.

ಐದು ಪದ ಕೊಟ್ಟು ಪ್ರತಿಯೊಂದಕ್ಕೂ ಒಂದೇ ಒಂದು ಸಮಾನಾರ್ಥಕ ಪದ ಬರೆಯಿರಿ ಎಂಬ ಪ್ರಶ್ನೆ, ಪದಕ್ಕೊಂದು ಅಂಕ, ವಾಕ್ಯವಿಲ್ಲ, ಹಿಂದುಮುಂದಿಲ್ಲ, ಬರೀ ಪದ. ಕೈಂಡ್ ಅಂದರೆ ಜೆಂಟಲ್ ಎನ್ನುತ್ತದೆ ನಮಗೆ ಕೊಟ್ಟಿರುವ ಕೀ ಉತ್ತರ, ಈ ಮಗು ಸಾರ್ಟ್ ಎಂದು ಬರೆದಿದೆ. ಸ್ಟಿಲ್‌ಗೆ ಕ್ವಯಟ್ ಬೇಕು, ಯೆಟ್ ಎಂದಿದೆ. ಪ್ರೆಸೆಂಟ್‌ಗೆ ಗಿಫ್ಟ್ ಬಿಟ್ಟು ಕರೆಂಟ್, ಫೇರ್‌ಗೆ ಜಸ್ಟ್ ಬಿಟ್ಟು ಬ್ಯೂಟಿಫುಲ್. ಐದನೆಯದು ಕೀನಲ್ಲಿದ್ದಂತೆಯೇ ಇದೆ, ರೈಟು ಹಾಕಿದ್ದೇನೆ. ಈ ನಾಲ್ಕೂ ಸರಿ. ನಾಲ್ಕಕ್ಕೂ ಇಂಟು ಹಾಕಿದ್ದೇನೆ, ಇಂಟುಗಳೂ ಎಷ್ಟು ಚೆಂದ, ಒಂದರ ಕೆಳಗೊಂದು — ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದ ಸರ್ವಮಂಗಳಾ ಮೇಡಂ, ಕೈಂಡ್ ಅಂದರೆ ಬಗೆ, ಜಾತಿ ಅಂತಲೂ ಇದೆ ಎಂದು ನಿನಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ದಿನಕ್ಕೆ ನಲವತ್ತು ಪತ್ರಿಕೆ, ಮೂವತ್ತು ದಾಟಿದ ಮೇಲೆ ಕಣ್ಣು ಓದುವುದಿಲ್ಲ, ಕೀ ಹಾಳೆ ನೋಡುತ್ತದೆ, ಪತ್ರಿಕೆ ನೋಡುತ್ತದೆ, ಒಂದೇ ಥರ ಇದ್ದರೆ ರೈಟು, ಇಲ್ಲದಿದ್ದರೆ ಇಂಟು. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಬೇರೆ ಇದೆ. ಮೊದಲನೇ ದಿನ ಕೀ ಉತ್ತರದ ಚರ್ಚೆಗೆ ಕೂತ ಹತ್ತು ಜನರಲ್ಲಿ ನಾನೂ ಒಬ್ಬಳು, ಈ ಪ್ರಶ್ನೆ ಬಂದಾಗ ಸರ್ ಬೇರೆ ಅರ್ಥಗಳೂ ಇವೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಗಂಟೆ ಒಂದೂವರೆ, ಹೊಟ್ಟೆ ಚುರುಗುಟ್ಟುತ್ತಿತ್ತು, ಹೊರಗೆ ಬಿಸಿಬೇಳೆಬಾತಿನ ಪಾತ್ರೆ ಇಳಿಸುವ ಸದ್ದು, ನಾನು ಬಾಯಿ ತೆಗೆದರೆ ಇನ್ನೂ ಅರ್ಧ ಗಂಟೆ ಚರ್ಚೆ, ಎಲ್ಲರೂ ನನ್ನನ್ನೇ ಶಪಿಸುತ್ತಾರೆ, ಸುಮ್ಮನಿದ್ದೆ. ಎರಡು ಸಲ ಬಡಿಸಿಕೊಂಡು ತಿಂದೆ.

ಎದ್ದು ಹೋದೆ, ಹೋಗಲೇಬೇಕಿತ್ತು, ಸರ್ ಒಂದ್ನಿಮಿಷ, ಇದೊಂದು ಪೇಪರ್ ನೋಡ್ತೀರಾ, ವೃಷಭೇಂದ್ರಪ್ಪನವರು ಕನ್ನಡಕ ಹಣೆಗೇರಿಸಿ ನೋಡಿದರು, ಬೈಯುವ ಮನುಷ್ಯ ಅಲ್ಲ ಪಾಪ, ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆ, ಕೀನಲ್ಲಿ ಇಲ್ವಲ್ಲ ಮೇಡಂ. ಇಲ್ಲ ಸರ್, ಆದ್ರೆ ಉತ್ತರ ಸರಿ ಇದೆ, ಡಿಕ್ಷನರಿ ತೆಗೆದು ನೋಡಿ ಬೇಕಾದ್ರೆ. ಸರಿ ಇದೆ ಮೇಡಂ, ನಾನೇನ್ ಇಲ್ಲ ಅಂದ್ನಾ, ಈಗ ಇದೊಂದಕ್ಕೆ ಕೊಟ್ಬಿಟ್ರೆ ಮಿಕ್ಕಿದ್ದಕ್ಕೆ ಏನ್ ಮಾಡ್ತೀರಾ, ನಾಲ್ಕು ದಿನದಲ್ಲಿ ಒಂಬತ್ತು ಸಾವಿರ ಪೇಪರ್ ಹೋಗಿದೆ ಇಲ್ಲಿಂದ, ಅದ್ರಲ್ಲಿ ಎಷ್ಟು ಮಕ್ಕಳು ಸಾರ್ಟ್ ಅಂತ ಬರೆದಿದ್ರೋ, ನೀವೇ ಎಷ್ಟಕ್ಕೆ ಇಂಟು ಹಾಕಿದೀರೋ, ನೆನಪಿದ್ಯಾ. ನೆನಪಿಲ್ಲ. ಪತ್ರಿಕೆಯನ್ನು ಮತ್ತೆ ಅವರ ಮುಂದೆ ಸರಿಸಿದೆ. ನಾಳೆ ಬೇಕಾದ್ರೆ ಬೋರ್ಡಿಗೆ ಒಂದು ಪತ್ರ ಬರೆಯೋಣ ಮೇಡಂ, ಮುಂದಿನ ವರ್ಷಕ್ಕಾದ್ರೂ ಆಗತ್ತೆ, ನನ್ ಸೈನ್ ಆಗಿದೆ, ಮಾರ್ಕ್ಸ್ ಶೀಟ್ ಕೂಡ ಒಳಗೆ ಹೋಯ್ತು, ಬಿಟ್ಬಿಡಿ. ಸಹಿಗೆ ಮುಂಚೆ ಕಣ್ಣಿಗೆ ಬಿದ್ದಿದ್ದರೆ ನಾನೇ ಪತ್ರಲೇಖನದಲ್ಲಿ ಎರಡು, ಪ್ರಬಂಧದಲ್ಲಿ ಎರಡು ಎಂದು ಎಲ್ಲಾದರೂ ಸೇರಿಸುತ್ತಿದ್ದೆ, ನಾವೆಲ್ಲ ಮಾಡುವುದೇ ಅದು, ಮೂವತ್ತನಾಲ್ಕನ್ನು ಯಾರೂ ಮೂವತ್ತನಾಲ್ಕಾಗಿ ಬಿಡುವುದಿಲ್ಲ, ಮೂವತ್ತೊಂದನ್ನು ಮಾತ್ರ ಬಿಡುತ್ತೇವೆ, ಅದು ದೂರ ಎಂದು.

ನನ್ನ ಶಾಲೆಯಲ್ಲೇ ಓದಿದ ಗಂಗರತ್ನ ಹೋದ ವರ್ಷ ಇಂಗ್ಲಿಷ್ ಒಂದರಲ್ಲೇ ಫೇಲಾದಳು, ಸಂಕ್ರಾಂತಿಗೆ ಎಳ್ಳು ತರಲು ಹೋದಾಗ ಸಿಕ್ಕಿದ್ದಳು, ಬಿನ್ನಿಪೇಟೆಯಲ್ಲಿ ಬಟ್ಟೆ ಮಡಚುವ ಕೆಲಸವಂತೆ, ಮಿಸ್ ನಾನ್ ಚೆನ್ನಾಗೇ ಬರೆದಿದ್ದೆ ಮಿಸ್, ಅದು ಹೇಗ್ ಹೋಯ್ತೋ ಗೊತ್ತಿಲ್ಲ. ನಾನು ಏನಂದೆ, ಎಲ್ಲರೂ ಹಾಗೇ ಹೇಳೋದು ಕಣೆ, ಮತ್ತೆ ಕಟ್ಟು ಅಂದೆ. ನಗುತ್ತಾ ಅಂದೆ. ಅವಳೂ ನಕ್ಕಳು, ಕಟ್ಟಲಿಲ್ಲ. ಈ ಪತ್ರಿಕೆಯ ಮಗು ಹುಡುಗಿಯೋ ಹುಡುಗನೋ ಯಾವ ಊರೋ, ಮೇಲೆ ಬರೀ ಗುಪ್ತ ಸಂಖ್ಯೆ, ಆದರೂ ನನಗೆ ಹುಡುಗಿ ಎಂದೇ ಅನಿಸುತ್ತಿದೆ, ದುಂಡು ಅಕ್ಷರ, ಪ್ರಬಂಧದಲ್ಲಿ ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿ, ಪಾಠ ಹೇಳಿಕೊಟ್ಟವರು ಯಾರೂ ಇಲ್ಲದೆ ಹಳೇ ಡಿಕ್ಷನರಿಯೊಂದನ್ನು ಇಟ್ಟುಕೊಂಡು ತಾನೇ ಕಲಿತ ಹಾಗಿದೆ, ಪದ ಗೊತ್ತು, ವಾಕ್ಯ ಗೊತ್ತಿಲ್ಲ — ಬೆಂಚಿಗೆ ವಾಪಸು ಬಂದು ಕೂತಿದ್ದೇನೆ, ಇದೇನು, ಸಾರ್ಟ್ ಪಕ್ಕದಲ್ಲಿ ಒಂದು ದಪ್ಪ ಕಪ್ಪು ಗೆರೆ, ಹೊಡೆದುಹಾಕಿದ ಪದ. ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಯ ಕೆಳಗೆ ಸ್ಪಷ್ಟವಾಗಿ ಓದಬಹುದು, ಜೆಂಟಲ್.

ಮುಂದಿನದರಲ್ಲೂ, ಕ್ವಯಟ್. ಗಿಫ್ಟ್. ಜಸ್ಟ್. ನಾಲ್ಕೂ ಗೊತ್ತಿತ್ತು ಇವಳಿಗೆ, ನಾಲ್ಕನ್ನೂ ಮೊದಲು ಬರೆದಿದ್ದಾಳೆ, ಆಮೇಲೆ ಹೊಡೆದಿದ್ದಾಳೆ, ಒಂದೇ ಪದ ಎಂದು ಕೇಳಿದ್ದರಲ್ಲ, ಎರಡು ಗೊತ್ತಿದ್ದವಳು ಒಂದನ್ನು ಆರಿಸಬೇಕಿತ್ತು. ಯಾಕಮ್ಮ ಇದನ್ನು ಆರಿಸಿದೆ, ಗೈಡಿನಲ್ಲಿದ್ದ ಪದ ಎಲ್ಲರೂ ಬರೆಯುತ್ತಾರೆ ಎಂದೇ, ಎಲ್ಲರಿಗೂ ಗೊತ್ತಿಲ್ಲದ್ದನ್ನು ಬರೆದರೆ ಪರೀಕ್ಷಕರಿಗೆ ಖುಷಿಯಾಗುತ್ತೆ ಎಂದೇ — ಹಾಗೆಂದು ಹೇಳುವವರೂ ನಾವೇ, ಪ್ರತಿ ಫೆಬ್ರವರಿಯಲ್ಲೂ ನಾನೇ ಹೇಳಿದ್ದೇನೆ, ಪೇಪರ್ ನೋಡೋರಿಗೆ ಸಂತೋಷ ಆಗೋ ಥರ ಬರೀರಿ ಮಕ್ಕಳೇ. ಪೇಪರ್ ನೋಡುವವಳು ನಾನು. ಹೊಡೆದುಹಾಕಿದ ಉತ್ತರವನ್ನು ಪರಿಗಣಿಸತಕ್ಕದ್ದಲ್ಲ, ಏಳನೇ ಸೂಚನೆ, ಅದನ್ನೂ ನನ್ನ ಕೈಲೇ ಎಲ್ಲರಿಗೂ ಓದಿಸಿದ್ದರು, ನಿಮ್ಮದು ದೊಡ್ಡ ಗಂಟಲು ಮೇಡಂ ಎಂದು. ಸರ್ ಎಂದು ಮತ್ತೆ ಎದ್ದರೆ ಅವರು ಅದನ್ನೇ ಹೇಳುತ್ತಾರೆ, ಮೆತ್ತಗೆ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಕಟ್ಟು ಒಯ್ಯುವ ದೊಡ್ಡಬೈರಪ್ಪ ಬಂದು ನಿಂತಿದ್ದಾನೆ, ಆಯ್ತಾ ಮೇಡಂ, ನಿಮ್ದೊಂದೇ ಬಾಕಿ, ಆಯ್ತು ತಗೊಳಪ್ಪ, ನನ್ನ ಕೈಯೇ ಪತ್ರಿಕೆಯನ್ನು ಒಳಗೆ ಸೇರಿಸುತ್ತದೆ, ಗಂಟು ಬಿಗಿಯುತ್ತದೆ, ಅವನು ಹೊರಟೇಹೋದ, ಬಾಗಿಲು ದಾಟಿದ.

ನಾಳೆಯ ಪತ್ರಿಕೆಗಳಲ್ಲಿ ಹೊಡೆದುಹಾಕಿದ್ದನ್ನೆಲ್ಲ ಓದಬೇಕು, ಓದಿ ಏನು ಮಾಡುತ್ತೀ, ಅವಳ ಗೆರೆ ಪೆನ್ನಿನಲ್ಲಿ ಬರಬರನೆ ಎಳೆದದ್ದಲ್ಲ, ಒಂದಿಷ್ಟೂ ಸೊಟ್ಟಗಿರಲಿಲ್ಲ, ಗಂಟೆ ಬಾರಿಸುವ ಹೊತ್ತಿನಲ್ಲಿ ಪೆನ್ನು ಕೆಳಗಿಟ್ಟು, ಕಂಪಾಸ್ ಪೆಟ್ಟಿಗೆ ತೆರೆದು, ಸ್ಕೇಲು ಹುಡುಕಿ, ಜಾರದ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು, ಜೆಂಟಲ್ ಮೇಲೆ ಒಂದು ಗೆರೆ, ಸ್ಕೇಲು ಕೆಳಗಿಳಿಸಿ ಕ್ವಯಟ್ ಮೇಲೆ ಒಂದು ಗೆರೆ, ಸ್ಕೇಲು ಕೆಳಗಿಳಿಸಿ ಗಿಫ್ಟ್ ಮೇಲೆ ಒಂದು, ನೀಟಾಗಿ, ನನಗೆ ಸಂತೋಷವಾಗಲೆಂದು, ಸ್ಕೇಲು ಇನ್ನೂ ಕೆಳಗಿಳಿಸಿ, ಒತ್ತಿ ಹಿಡಿದು, ಒಂದು ಗೆರೆ