ತೋಕಿಯೆ ನಿಲ್ಲಿಸಿದ ಹಾಡು

ಶುರು ಮಾಡಿದ ಹಾಡನ್ನು ನಡುವೆ ನಿಲ್ಲಿಸುವುದಿಲ್ಲ ಎಂದು ತೋಕಿಯೆ ಚಿಕ್ಕವಳಿದ್ದಾಗ ಅಮ್ಮನಿಗೆ ಮಾತು ಕೊಟ್ಟಿದ್ದಳು. ಅಮ್ಮ ಗೇಶಾ, ಔತಣಗಳಲ್ಲಿ ಹಾಡಿ ಕುಣಿದು ಗಿರಾಕಿಗಳನ್ನು ರಂಜಿಸುವವಳು. ಕುಡಿದ ಗಿರಾಕಿಯೊಬ್ಬ ಬಟ್ಟಲು ಬೀಸಿ ಹಣೆ ಒಡೆದಾಗಲೂ ಹಾಡು ಮುಗಿಸಿಯೇ ರಕ್ತ ಒರೆಸಿಕೊಂಡವಳು.

ಆ ಮಾತೇ ತೋಕಿಯೆಯನ್ನು ಬೆಳೆಸಿತು. ಕ್ಯೋತೋದ ಸಿನಿಮಾ ಸ್ಟುಡಿಯೋದಲ್ಲಿ ನಿರ್ದೇಶಕ ಅವಳ ಕಪಾಳಕ್ಕೆ ನಿಜವಾಗಿಯೇ ಹೊಡೆಸಿದ. ತುಟಿ ಸೀಳಿದರೂ ಹಾಡಿದಳು. ಬಾಂಬು ಬೀಳುವಾಗ ಸೈನಿಕರ ಆಸ್ಪತ್ರೆಯಲ್ಲಿ ಹಾಡಿದಳು. ಯುದ್ಧ ಸೋತ ಮೇಲೂ ಜನ ಅವಳ ಸಿನಿಮಾಕ್ಕೆ ಮುಗಿಬೀಳುತ್ತಿದ್ದರು.

ಹಮಾತ್ಸು ಬಂದರಿನಲ್ಲಿ ಯಾರೇ ಹಾಡಲಿ, ಮೊದಲು ಸಾಕೆ ಮದ್ಯದ ಶೀಸೆ ಹಿಡಿದು ಒನಿಜುಕಾ ಧಣಿಯ ಮನೆಗೆ ಹೋಗಿ ತಲೆಬಾಗಬೇಕು. ಊರಿನ ನಾಟಕ, ಕುಸ್ತಿ, ಸಂಗೀತವೆಲ್ಲ ಅವನ ಮುಷ್ಟಿಯಲ್ಲಿ. ತೋಕಿಯೆ ಅಲ್ಲಿ ಹಾಡಲು ಬಂದ ದಿನ, ಅವಳ ವ್ಯವಹಾರ ನೋಡುವ ತಮ್ಮ ರೊಕುರೊ, ದಾರಿಯಲ್ಲೇ ಸಿಕ್ಕಿತೆಂದು ಧಣಿಯ ಕಿರಿಯ ಶಿಷ್ಯನ ಮನೆಗೆ ಮೊದಲು ಹೋದ. ಶೀಸೆ ಅಲ್ಲೇ ಖಾಲಿಯಾಯಿತು, ಧಣಿಯ ಮನೆಗೆ ಹೋಗುವುದು ಉಳಿದೇ ಹೋಯಿತು.

ಸಂಜೆ ಅವಳು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಧಣಿಯ ಆಳುಗಳು ವೇದಿಕೆ ಹತ್ತಿದರು. ರೊಕುರೊನ ಮೂತಿಗೆ ದೊಣ್ಣೆ ಬಿದ್ದು ಹಲ್ಲುಗಳು ಚಾಪೆಯ ಮೇಲೆ ಉದುರಿದವು. ಅವಳ ಹಾಡಿಗೆ ನುಡಿಸುತ್ತಿದ್ದ ಮುದುಕ ಕುಮಜೊನ ಶಾಮಿಸೆನ್ ತಂತಿವಾದ್ಯವನ್ನು ಕಿತ್ತು ತುಳಿದರು, ಅವನ ಎಡಗೈಯನ್ನು ಹಲಗೆಗೆ ಒತ್ತಿ ಹಿಡಿದರು.

"ಏನಮ್ಮಾ ಸಿನಿಮಾ ರಾಣಿ, ದೊಡ್ಡೋರ ಮನೆ ಬಾಗಿಲು ಕಾಣಿಸ್ಲಿಲ್ವಾ?" ಒನಿಜುಕಾ ಮುಂದಿನ ಸಾಲಿನಲ್ಲಿ ಕೂತೇ ಕೇಳಿದ. "ಹಾಡು ನಿಲ್ಸು. ಇಳಿದು ಬಂದು ಹಣೆ ನೆಲಕ್ಕಿಡು. ಅಲ್ಲೀವರೆಗೂ ಮುದುಕನ ಬೆರಳು ಒಂದೊಂದೇ ಹೋಗ್ತಿರುತ್ತೆ."

ತೋಕಿಯೆ ಹಾಡುತ್ತಲೇ ಇದ್ದಳು. ಕಿರುಬೆರಳಿನ ಮೇಲೆ ಸುತ್ತಿಗೆ ಬಿತ್ತು.

"ಹಾಡು ಮಗಾ," ಕುಮಜೊ ಹಲ್ಲು ಕಚ್ಚಿದ. "ನಿಮ್ಮಮ್ಮಂಗೂ ನಾನೇ ನುಡಿಸಿದ್ದು. ಆ ಬೆರಳು ಹೇಗೂ ಚಳಿಗೆ ಸೆಟೆದುಕೊಳ್ತಿತ್ತು, ದಂಡ."

ಎರಡನೆಯ ಏಟಿಗೆ ಮೂಳೆ ಹೊರಬಂತು. ಈ ಸಲ ಅವನು ತಮಾಷೆ ಮಾಡಲಿಲ್ಲ, ಪ್ರಾಣಿಯಂತೆ ಅರಚಿದ. ಅವಳ ದನಿ ಆ ಅರಚಾಟದ ಮೇಲೆ ತೇಲುತ್ತಿತ್ತು, ಶ್ರುತಿ ಒಂದಿಷ್ಟೂ ತಪ್ಪಿರಲಿಲ್ಲ. ಅದು ಅವಳಿಗೇ ಹೇಸಿಗೆಯೆನಿಸಿತು.

ಸುತ್ತಿಗೆ ಮೂರನೆಯ ಸಲ ಮೇಲೇರಿತು. ತೋಕಿಯೆ ಸಾಲಿನ ನಡುವೆ ಬಾಯಿ ಮುಚ್ಚಿದಳು. ಇಳಿದುಹೋಗಿ ನೆಲಕ್ಕೆ ಹಣೆಯಿಟ್ಟಳು. ಧಣಿ ಕಾಲಿನಿಂದ ಅವಳ ತಲೆಯನ್ನು ಇನ್ನಷ್ಟು ಒತ್ತಿ, ಎದ್ದು ಹೋದ.

"ನಡುವೆ ನಿಲ್ಲಿಸಿಬಿಟ್ಯಲ್ಲೇ," ಕುಮಜೊ ಅಳುತ್ತಿದ್ದ.

"ಸುಮ್ನಿರಿ ಅಜ್ಜ. ಕೈ ಕೊಡಿ." ಕಿಮೊನೊದ ತೋಳು ಹರಿದು ಬೆರಳುಗಳಿಗೆ ಸುತ್ತಿದಳು.

ಅಮ್ಮನಿಗೆ ಕೊಟ್ಟ ಮಾತನ್ನು ತೋಕಿಯೆ ಮುರಿದಳು.